ಬೂದಿಗುಟ್ಟೆಗೆ ಕೈ ಎತ್ತಿದವರು

ಸರ್ಕಾರಿ ಕಾಡಿನ ಯೋಜನೆಯಲ್ಲಿ ಜನರ ಪಾಲು ಎಂಬ ವಿಷಯಕ್ಕೆ ಸಿದ್ಧವಾಗಿರುವ ಕತೆಗಳು ಎರಡು. ಇಲಾಖೆಯವರ ಕತೆಯಲ್ಲಿ ಜನ ಬಂದರು, ಕೂತರು, ನಕ್ಷೆ ಬರೆದರು, ಒಮ್ಮತದಿಂದ ಒಪ್ಪಿದರು, ಗುಡ್ಡ ಹಸಿರಾಯಿತು. ಇಲಾಖೆಯನ್ನು ಬೈಯುವವರ ಕತೆಯಲ್ಲಿ ಜನರನ್ನು ಯಾರೂ ಕೇಳಲೇ ಇಲ್ಲ, ಎಲ್ಲವೂ ಆಫೀಸಿನಲ್ಲೇ ತೀರ್ಮಾನವಾಗಿತ್ತು, ಹಳ್ಳಿಯವರಿಂದ ಬೇಕಾಗಿದ್ದದ್ದು ಹೆಬ್ಬೆಟ್ಟು ಮಾತ್ರ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಈ ಎರಡೂ ಪಕ್ಷ ವಹಿಸಿ ಮಾತಾಡಿದ್ದೇನೆ, ಎರಡರಲ್ಲೂ ಕಪ್ ತಂದಿದ್ದೇನೆ. ಆಮೇಲೆ ಅದೇ ಕೆಲಸಕ್ಕೆ ಸೇರಿದೆ, ಈಗ ಬಿಟ್ಟಿದ್ದೇನೆ. ಎರಡೂ ಪೂರ್ತಿ ಸುಳ್ಳು ಎಂದು ನಾನು ವಾದಿಸುವುದಿಲ್ಲ. ಎರಡೂ ಒಂದೇ ಜಾಗದಲ್ಲಿ ಎಡವುತ್ತವೆ ಎಂದಷ್ಟೇ ಹೇಳುತ್ತೇನೆ. ‘ಜನ’ ಅಂದರೆ ಒಬ್ಬನೇ ಮನುಷ್ಯ, ಅವನಿಗೆ ಬಾಯಿ ಒಂದು, ಬಯಕೆ ಒಂದು ಎಂದು ಎರಡೂ ಕಡೆಯವರು ನಂಬಿದ್ದಾರೆ.

ನನ್ನ ವಯಸ್ಸಿನವಳು ನಿವೃತ್ತಿ ಎಂಬ ಮಾತು ಆಡಿದರೆ ನಗುತ್ತಾರೆ. ಗುತ್ತಿಗೆ ಕೆಲಸದಲ್ಲಿ ಯೋಜನೆ ಮುಗಿದ ದಿನವೇ ನಿವೃತ್ತಿ. ಹಾರವಿಲ್ಲ, ಭಾಷಣವಿಲ್ಲ, ಗುರುತಿನ ಚೀಟಿ ಕೊಟ್ಟು ಸೇಲಂ ಬಸ್ಸು ಹತ್ತಬೇಕು. ಈಗ ಹೊಸ ಯೋಜನೆ ಬಂದಿದೆ, ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರೆ. ಆಯ್ಕೆಯಾದ ಹುಡುಗಿಯೊಬ್ಬಳು ಫೋನ್ ಮಾಡಿ, “ಕೆಲಸ ಹೇಗಿರತ್ತೆ ಅಕ್ಕ?” ಎಂದು ಕೇಳಿದಳು. ಚೆನ್ನಾಗಿರುತ್ತೆ, ಟೋಪಿ ತಗೊಂಡು ಹೋಗು ಎಂದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನನ್ನು ತೆಗೆದುಕೊಂಡದ್ದು ಚರ್ಚೆಯ ಕಪ್‌ಗಳನ್ನು ನೋಡಿ ಅಲ್ಲ, ಮನೆಮಾತನ್ನು ನೋಡಿ. ನಾನು ತಮಿಳುನಾಡಿನ ಮೆಟ್ಟೂರಿನವಳು. ಶಾಲೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ. ಕನ್ನಡದ ಅಕ್ಷರ ಆಮೇಲೆ ಹಟ ಹಿಡಿದು ಕಲಿತದ್ದು. ಮೆಟ್ಟೂರಿಗೂ ಧರ್ಮಪುರಿಗೂ ನಡುವಿನ ಗುಡ್ಡದ ಹಳ್ಳಿಗಳಲ್ಲಿ ಕನ್ನಡದವರು ಬಹಳ. ಅವರು ಕಚೇರಿಯಲ್ಲಿ ಸೊಗಸಾಗಿ ತಮಿಳು ಮಾತಾಡುತ್ತಾರೆ, ಆದರೆ ಜಗಳ ಶುರುವಾದ ಕೂಡಲೇ ಕನ್ನಡಕ್ಕೆ ಇಳಿಯುತ್ತಾರೆ. ಜಗಳ ಅರ್ಥವಾಗದಿದ್ದರೆ ಸಭೆ ನಡೆಸಿ ಏನು ಬಂತು ಎಂದು ನಮ್ಮ ರೇಂಜರ್ ಯಾರಿಗೋ ಹೇಳಿದ್ದರಂತೆ. ಹಾಗಾಗಿ ನಾನು.

ಕೆಲಸ ಹೇಳಿಕೊಳ್ಳಲು ಸುಲಭ. ಊರಿನ ಪಕ್ಕದ ಸರ್ಕಾರಿ ಕಾಡನ್ನು ಮುಂದಿನ ವರ್ಷಗಳಲ್ಲಿ ಹೇಗೆ ನೋಡಿಕೊಳ್ಳಬೇಕು, ಎಲ್ಲಿ ಸಸಿ, ಎಲ್ಲಿ ಮೇವು, ಎಲ್ಲಿ ತಡೆಗಟ್ಟೆ ಎಂದು ಊರವರ ಜೊತೆ ಕೂತು ತೀರ್ಮಾನಿಸಿ ಬರೆಯುವುದು. ಪ್ರತಿ ಊರಿಗೂ ಒಂದು ಕಾಡು ಸಮಿತಿ, ಅದಕ್ಕೊಬ್ಬ ಅಧ್ಯಕ್ಷ. ಅವನನ್ನು ಎಲ್ಲರೂ ತಮಿಳಿನಲ್ಲಿ ‘ತಲೈವರ್’ ಎನ್ನುತ್ತಾರೆ.

ಸೇರಿದ ದಿನ ರೇಂಜರ್ ಜೀಪಿನಲ್ಲಿ ಕೂತು ಚಹಾಕ್ಕೆ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದರು. “ಕೇಳ್ವಿ ಕೇಕ್ಕಿರದು ಉನ್ ವೇಲೆ ಮಾ. ಬದಿಲ್ ಏರ್ಕನವೇ ಇರುಕ್ಕು” ಎಂದರು. ಪ್ರಶ್ನೆ ಕೇಳುವುದು ನಿನ್ನ ಕೆಲಸ, ಉತ್ತರ ಆಗಲೇ ಇದೆ. ನಾನು ತಕ್ಷಣ ವಾದಕ್ಕೆ ನಿಂತೆ. ಉತ್ತರ ಇರುವಾಗ ಪ್ರಶ್ನೆ ಕೇಳುವುದು ಮೋಸವಲ್ಲವೇ ಸಾರ್ ಎಂದೆ. ಅವರು ಬಿಸ್ಕತ್ತು ಮುಗಿಸಿ, ಬಾಯಿ ಒರೆಸಿಕೊಂಡು, ಶಾಂತವಾಗಿ ಹೇಳಿದ್ದು ಇಷ್ಟು: ಎಷ್ಟು ಜಾಗದಲ್ಲಿ ಸಸಿ ನೆಡಬೇಕು ಎಂದು ಮೇಲಿನಿಂದ ಬಂದಿದೆ, ಅದು ನಿನ್ನ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಯಾವ ಜಾಗದಲ್ಲಿ ಎನ್ನುವುದು ಮಾತ್ರ ಊರಿನ ಕೈಯಲ್ಲಿದೆ. ಅದೊಂದನ್ನು ನಿಜವಾಗಿ ಕೇಳು. ಉಳಿದದ್ದನ್ನು ಕೇಳಿದ ಹಾಗೆ ಮಾಡು.

ಹೊಸಬರು ಇಂಥ ಮೇಲಧಿಕಾರಿಯನ್ನು ದುಷ್ಟನ ಪಟ್ಟಿಗೆ ಸೇರಿಸಲು ಆತುರಪಡುತ್ತಾರೆ. ನಾನೂ ಸೇರಿಸಿದ್ದೆ. ಈಗ ಹಿಂದಿರುಗಿ ನೋಡಿದರೆ ಆ ಕೆಲಸದಲ್ಲಿ ಯಾರೂ ನನಗೆ ಅದಕ್ಕಿಂತ ನಿಖರವಾದ ವಿವರಣೆ ಕೊಟ್ಟಿಲ್ಲ. ತರಬೇತಿಯವರು ಕೊಟ್ಟದ್ದು ಬಣ್ಣದ ಪುಡಿ, ಚಾರ್ಟ್ ಹಾಳೆ ಮತ್ತು ‘ನೀವು ಕಲಿಸಲು ಹೋಗುತ್ತಿಲ್ಲ, ಕಲಿಯಲು ಹೋಗುತ್ತಿದ್ದೀರಿ’ ಎಂಬ ವಾಕ್ಯ.

ನನಗೆ ಕೊಟ್ಟ ಊರನ್ನು ಹಳ್ಳದೂರು ಎಂದು ಕರೆಯುತ್ತೇನೆ. ಕೆಳಗೆ ರಾಗಿ, ಕಡಲೆಕಾಯಿ ಬೆಳೆಯುವ ರೈತರ ಮನೆಗಳು. ಗುಡ್ಡದ ಬುಡದಲ್ಲಿ ಕುರಿ ಸಾಕುವವರ ಹಟ್ಟಿ, ಅದಕ್ಕೆ ಮೇಲ್‌ಹಟ್ಟಿ ಎಂದು ಹೆಸರು. ಸಮಿತಿ ಎರಡಕ್ಕೂ ಸೇರಿ ಒಂದೇ. ತಲೈವರ್ ನಂಜಪ್ಪ ಕೆಳಗಿನ ಊರಿನವರು, ಬಿಳಿ ಪಂಚೆ, ಹೊಲ ಬಾವಿ ಇರುವ ಆಸಾಮಿ. ಜೋರು ಮಾತು ಆಡಿದ್ದನ್ನು ನಾನು ಕೇಳಿಲ್ಲ, ಅದರ ಅಗತ್ಯ ಅವರಿಗೆ ಬೀಳುತ್ತಿರಲಿಲ್ಲ.

ಮೊದಲ ಸಭೆ ರಾಗಿ ಒಕ್ಕುವ ಸಿಮೆಂಟ್ ಕಣದಲ್ಲಿ. ಯಾವ ಮರ ಬೇಕು ಎಂದು ತಿಳಿಯುವ ಆಟ. ಒಂದೊಂದು ಹಾಳೆಯ ಮೇಲೆ ಒಂದೊಂದು ಮರದ ಚಿತ್ರ, ಕೈಗೊಂದು ಹಿಡಿ ಹುಣಸೆಬೀಜ. ಬೇಕಾದ ಮರಕ್ಕೆ ಬೀಜ ಹಾಕಬೇಕು. ನಂಜಪ್ಪ ಎದ್ದು ಹೋಗಿ ಬೇವಿಗೆ ಹಾಕಿದರು. ಹಿಂದೆ ಬಂದವರೆಲ್ಲ ಬೇವಿಗೇ. “ನಿಮಗೆ ಇಷ್ಟ ಬಂದ ಕಡೆ ಹಾಕಿ, ಯಾರನ್ನೂ ನೋಡಬೇಡಿ” ಎಂದು ನಾನು ಕೂಗುತ್ತಲೇ ಇದ್ದೆ. ಒಬ್ಬ ಅಜ್ಜಿ ನಿಂತು ನನ್ನನ್ನೇ ಕೇಳಿದಳು: “ತಲೈವರು ಆಕಿದ್ ಮೇಲೆ ನಾನ್ ಬ್ಯಾರೆ ಕಡೆ ಆಕಿದ್ರೆ ಅವ್ರ ಮಕದ್ ಮುಂದೆ ಚಪ್ಪಲಿ ಮೆಟ್ಕಂಡ್ ನಿಂತಂಗಲ್ವಾ ಕಣ್ಣು?” ಕಣ್ಣು ಎಂದರೆ ಅಲ್ಲಿ ಕಂದ ಎಂದ ಹಾಗೆ.

ಸರಿ, ಗುಟ್ಟಿನ ಮತದಾನ ಎಂದೆ. ಕಣದ ಮೂಲೆಯಲ್ಲಿ ಕಂಬಳಿ ಕಟ್ಟಿಸಿ, ಹಾಳೆಗಳನ್ನು ಅದರ ಹಿಂದೆ ಹಾಸಿ, ಒಬ್ಬೊಬ್ಬರನ್ನೇ ಒಳಗೆ ಕಳಿಸಿದೆ. ಎಲ್ಲರೂ ಹೋಗಿ ಬಂದ ಮೇಲೆ ಹೆಮ್ಮೆಯಿಂದ ಕಂಬಳಿ ಸರಿಸಿದೆ. ಬೇವಿನ ಮೇಲೆ ಒಂದು ಬೀಜವೂ ಇಲ್ಲ. ಹೊಂಗೆ, ನೆಲ್ಲಿ, ಹುಣಸೆ, ಯಾವುದರ ಮೇಲೂ ಇಲ್ಲ. ಸಾಲಿನ ಕೊನೆಗೆ ನಾನು ಬರೆಯಲೆಂದು ಇಟ್ಟಿದ್ದ ಖಾಲಿ ಹಾಳೆಯ ಮೇಲೆ ಒಂದು ಸಣ್ಣ ಗುಡ್ಡೆ. ಉಳಿದ ಬೀಜಗಳು ಹುರಿದು ತಿನ್ನಲು ಹೆಂಗಸರ ಸೆರಗಿನಲ್ಲಿ ಮನೆಗೆ ಹೋಗಿದ್ದವು.

ನಂಜಪ್ಪ ನಕ್ಕರು. “ಮರ ಬ್ಯಾಡ ಅಂತ ಅಲ್ಲ ಮೇಡಂ. ಎಲ್ಲಿ ಅಂತ ಮೊದ್ಲು ಏಳಿ. ಯಾವ್ದು ಅಂತ ಆಮೇಲೆ ನಾವ್ ಏಳ್ತೀವಿ.”

ರೇಂಜರ್ ಹೇಳಿದ್ದೇ ಸರಿಯಾಗಿತ್ತು. ಊರಿಗಿದ್ದ ಪ್ರಶ್ನೆ ಅದೊಂದೇ. ಸಸಿ ನೆಟ್ಟ ಜಾಗಕ್ಕೆ ಕಂದಕ ತೋಡಿ ಕೆಲವು ವರ್ಷ ಕುರಿ ದನ ಬಿಡದಂತೆ ಮುಚ್ಚುತ್ತಾರೆ. ಮುಚ್ಚಬಹುದಾದ ಜಾಗಗಳು ಎರಡಿದ್ದವು. ಒಂದು ಮೇಲ್‌ಹಟ್ಟಿಯ ಬೆನ್ನಿಗೇ ಇರುವ ಬೂದಿಗುಟ್ಟೆ. ಒಳ್ಳೆ ಹುಲ್ಲಿನ ಇಳಿಜಾರು, ತುದಿ ಹತ್ತಿದರೆ ಮೆಟ್ಟೂರಿನ ಕರೆಂಟು ಕಾರ್ಖಾನೆಯ ಹೊಗೆ ಕಾಣುತ್ತದೆ. ಇನ್ನೊಂದು ಆಚೆಯ ಕಲ್ಲುಮೂಲೆ, ಹೆಸರೇ ಹೇಳುವ ಹಾಗೆ.

ಮುತ್ತಮ್ಮ ನನಗೆ ಸಿಕ್ಕಿದ್ದು ಆಗ. ಹಟ್ಟಿಯ ದಾರಿಯಲ್ಲಿ ಕೋಲು ಅಡ್ಡ ಹಿಡಿದು ನಿಲ್ಲಿಸಿದಳು.

“ಕಾಡ್ ಅಂಚೋಳು ನೀನೇನಾ?”

“ಹಂಚೋದಲ್ಲ ಅಕ್ಕ. ಯೋಜನೆ ಬರೆಯೋದು.”

“ಬರಿ ಬರಿ. ಬರ್ದು ನಮ್ ಕುರಿಗೂ ವಸಿ ಓದಿ ಏಳು.”

ಗಂಡ ಸತ್ತವಳು. ಒಬ್ಬಳೇ ಮಗಳನ್ನು ಕಂಬೈನಲ್ಲೂರಿನ ಕಡೆ ಕೊಟ್ಟಿತ್ತು. ಗಂಡನ ಕುರಿಗಳನ್ನು ತಾನೇ ಮೇಯಿಸಿಕೊಂಡು ಒಂಟಿ ಮನೆಯಲ್ಲಿದ್ದಳು. ಪಕ್ಕದ ಮನೆಯಲ್ಲಿ ಮೈದುನ ಬೀರಣ್ಣ, ಹಟ್ಟಿಯಲ್ಲೇ ದೊಡ್ಡ ಮಂದೆ ಅವನದು. ಬೂದಿಗುಟ್ಟೆ ಮುಚ್ಚಿದರೆ ನಿನಗೇನು ಕಷ್ಟ ಎಂದು ನಾನು ನಮೂನೆಯ ಪ್ರಶ್ನೆ ಕೇಳಿದೆ. ಅವಳು ಮಂದಬುದ್ಧಿಯ ಮಗುವಿಗೆ ಬಿಡಿಸಿ ಹೇಳುವ ಹಾಗೆ ಹೇಳಿದಳು. ಗುಟ್ಟೆಯಿದ್ದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ. ಇಲ್ಲದಿದ್ದರೆ ಕುರಿ ಕೆಳಗಿನ ಬಯಲಿಗೆ ಇಳಿಯಬೇಕು, ಅಲ್ಲಿಂದ ದಿನಾ ಹತ್ತಿ ಬರಲು ಆಗುವುದಿಲ್ಲ, ರೈತರ ಹೊಲದಲ್ಲೇ ಮಂದೆ ನಿಲ್ಲಬೇಕು, ಕಾಯುವವರು ಅಲ್ಲೇ ಮಲಗಬೇಕು.

“ನಮ್ಮಟ್ಟೀಲಿ ಎಂಗ್ಸು ಮಂದೇಲಿ ಮಲ್ಗಲ್ಲ.”

“ಯಾಕೆ?”

“ಯಾಕೆ ಅಂದ್ರೆ? ಮಲ್ಗಲ್ಲ, ಅಷ್ಟೆ. ನೀನ್ಯಾಕೆ ಮೀಸೆ ಬಿಟ್ಟಿಲ್ಲ?”

ಹಾಗಾದರೆ ದಾರಿ ಒಂದೇ. ತನ್ನ ಕುರಿಗಳನ್ನು ಬೀರಣ್ಣನ ಮಂದೆಗೆ ವಾರಕ್ಕೆ ಬಿಡಬೇಕು. ವಾರ ಎಂದರೆ ಹುಟ್ಟಿದ ಮರಿಯಲ್ಲಿ ಅರ್ಧ ಸಾಕಿದವನದು. ಯಾವ ಅರ್ಧ ಎಂದು ಹೇಳುವವನೂ ಸಾಕಿದವನೇ. ಪ್ರತಿ ಮನೆಯ ಕುರಿಗೂ ಕಿವಿಯಲ್ಲಿ ಒಂದು ಗುರುತಿನ ಕೊಯ್ತ ಇರುತ್ತದೆ. ಅವನ ಮಂದೆಯಲ್ಲಿ ಹುಟ್ಟಿದ ಮರಿಗೆ ಕಿವಿ ಕೊಯ್ಯುವ ಕತ್ತಿ ಅವನ ಕೈಯಲ್ಲಿ.

“ನಾಕ್ ಮಳೆಗಾಲ ಕಳೀಲಿ ಕಣ್ಣು. ನನ್ ಗುರ್ತಿನ್ ಕುರಿ ಮುದಿಯಾಗಿ ಸಾಯ್ತವೆ. ಆಮೇಲೆ ಮುತ್ತಮ್ಮನ್ ಮಂದೆ ಅಂತ ಯಾವ್ದೈತೆ?”

ಇದು ಪ್ರಶ್ನೆಯ ತಿರುಳು, ಉಳಿದದ್ದೆಲ್ಲ ಸಿಂಗಾರ ಎಂದು ನನಗೆ ಅನ್ನಿಸಿತು. ಆದ್ದರಿಂದ ಜಾಗ ತೀರ್ಮಾನಿಸುವ ಸಭೆಯನ್ನು ಸಂಜೆಗೆ ಹಾಕಿಸಿದೆ. ಕುರಿಯವರು ಗುಡ್ಡದಲ್ಲಿರುವಾಗ ಸಭೆ ಕರೆದು, ಅವರು ಬರಲಿಲ್ಲ ಎಂದು ಬರೆಯುವ ಹಳೆಯ ವಿದ್ಯೆ ನನಗೂ ಗೊತ್ತಿತ್ತು. ನಾನು ಅದಕ್ಕೆ ಅವಕಾಶ ಕೊಡಲಿಲ್ಲ. ಕುರಿಗಳನ್ನು ಕೂಡಿ ಹಾಕಿ ಹಟ್ಟಿಗೆ ಹಟ್ಟಿಯೇ ಕಣಕ್ಕೆ ಇಳಿದು ಬಂತು. ಹೆಂಗಸರು ಒಂದು ಪಕ್ಕ, ಗಂಡಸರು ಒಂದು ಪಕ್ಕ, ರೇಂಜರ್ ಕುರ್ಚಿಯಲ್ಲಿ.

ನಿಯಮ ಓದಿದೆ. ಊರ ಸಭೆಯಲ್ಲಿ ಮನೆಗೆ ಇಬ್ಬರು ಸದಸ್ಯರು, ಒಬ್ಬ ಗಂಡು, ಒಬ್ಬ ಹೆಣ್ಣು. ಹೆಂಗಸರ ದನಿಗೂ ಗಂಡಸರ ದನಿಗೂ ಸಮ ತೂಕವಿರಲಿ ಎಂದು ಮಾಡಿದ ನಿಯಮ. ಚರ್ಚೆಗಳಲ್ಲಿ ನಾನು ಹೊಗಳಿ ಹೊಗಳಿ ಮಾತಾಡಿದ ನಿಯಮ.

ಮುತ್ತಮ್ಮ ಎದ್ದಳು. “ನಮ್ಮನೇಗೆ?”

“ನಿಮ್ಮನೇಲಿ ನೀವೊಬ್ಬರೇ ಅಲ್ವಾ ಅಕ್ಕ. ಒಂದು.”

“ನಮ್ಮೆಜಮಾನಂದು?”

ಕಣವೆಲ್ಲ ನಕ್ಕಿತು. “ಓಗಿ ಕೂಗ್ ಬಾರಕ್ಕ, ಬಂದ್ರೆ ಬರ್ಕತಾರೆ” ಎಂದು ಹಿಂದಿನಿಂದ ಯಾರೋ.

“ನೀನ್ ಓಗಿ ಕೂಗ್ ಬಾರ್ಲಾ, ದಾರಿ ನಿಂಗೇ ಅತ್ರ” ಎಂದು ಅತ್ತ ಉತ್ತರ ಕೊಟ್ಟು, ನನ್ನ ಕಡೆ ತಿರುಗಿದಳು. “ಅವನ್ ಕೆಲ್ಸನೂ ನಾನೇ ಮಾಡ್ತೀನಿ, ಅವನ್ ಕುರೀನೂ ನಾನೇ ಮೇಯಿಸ್ತೀನಿ. ಕೈ ಎತ್ತಾಕ್ ಮಾತ್ರ ಅರ್ಧ ಮನೇನಾ ನಾನು?”

ನಾನು ಅವಳ ಹೆಸರಿನ ಮುಂದೆ ಒಂದು ಎಂದೇ ಬರೆದೆ. ಹೆಂಗಸಿಗೆ ಸಮಪಾಲು ಕೊಡುವ ನಿಯಮ ಒಂಟಿ ಹೆಂಗಸಿನ ಮನೆಗೆ ಅರ್ಧ ಕೊಡುತ್ತದೆ ಎಂದು ಅದನ್ನು ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ಗಂಡಸು ಇಲ್ಲದ ಮನೆ ಅವರ ಕಣ್ಣಿಗೆ ಬಿದ್ದೇ ಇಲ್ಲ.

ವಾದ ನಡೆಯಿತು. ನಂಜಪ್ಪ ಬೂದಿಗುಟ್ಟೆಯ ಪರ: ಅಲ್ಲಿ ಮಣ್ಣಿದೆ, ಸಸಿ ಬದುಕುತ್ತದೆ, ಕಲ್ಲುಮೂಲೆಯಲ್ಲಿ ನೆಟ್ಟರೆ ನೆಟ್ಟವನೂ ಒಣಗುತ್ತಾನೆ. ಮುತ್ತಮ್ಮ ವಿರೋಧ: “ಮಣ್ಣಿರೋ ಕಡೆ ಉಲ್ಲು ಬೆಳೀತದೆ. ಉಲ್ಲಿರೋ ಕಡೆ ಕುರಿ ಓಗ್ತವೆ. ಬರೀ ಮಣ್ಣೇ ಬೇಕು ಅಂದ್ರೆ ತಲೈವರ್ ಒಲ್ದಾಗೆ ಇನ್ನೂ ಒಳ್ಳೆ ಮಣ್ಣೈತೆ, ಅಲ್ಲೇ ನೆಡ್ರಿ.” ನಾನು ತೀರ್ಪುಗಾರಳಾಗಿದ್ದರೆ ಅವಳಿಗೇ ಕಪ್. ನಂಜಪ್ಪ ಕೂಡ ತಲೆದೂಗಿದರು.

ಆಮೇಲೆ ಕೈ ಎತ್ತಿಸಿದೆವು. ಬೂದಿಗುಟ್ಟೆ ಮುಚ್ಚಲಿ ಎನ್ನುವವರು ಎಂದಾಗ ಮೊದಲು ಎದ್ದ ಕೈ ಬೀರಣ್ಣನದು. ಅವನ ಹಿಂದೆ ಹಟ್ಟಿಯ ಗಂಡಸರೆಲ್ಲರ ಕೈ. ನಾನು ಹೆಂಗಸರ ಕಡೆ ನೋಡಿದೆ. ಅಲ್ಲೂ ಕೈಗಳು. ಬೇಡ ಎಂದವಳು ಮುತ್ತಮ್ಮ ಒಬ್ಬಳೇ. ಅವಳು ಎರಡೂ ಕೈ ಎತ್ತಿದಳು, ನಾವು ಒಂದು ಎಂದು ಬರೆದುಕೊಂಡೆವು.

ಇಲಾಖೆಯನ್ನು ಬೈಯುವ ನನ್ನ ಗೆಳೆಯರಿಗೆ ಇಷ್ಟು ಹೇಳಿದರೆ ಅವರು ತಟ್ಟನೆ ಹೇಳುವುದು: ಹೆದರಿಸಿದ್ದಾರೆ, ಕೊಂಡುಕೊಂಡಿದ್ದಾರೆ. ಇಲ್ಲ. ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತ ಬೀರಣ್ಣನೇ ಎಲ್ಲವನ್ನೂ ಹೇಳಿದ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂಬ ಹಾಗೆ. ಕೆಳಗಿನ ರೈತರಿಗೆ ಬೇಕಾಗಿದ್ದದ್ದು ಮರವಲ್ಲ, ಗೊಬ್ಬರ. ಮಂದೆ ರಾತ್ರಿ ಹೊಲದಲ್ಲಿ ನಿಂತರೆ ಹಿಕ್ಕೆ, ಗಂಜಳ ಎಲ್ಲ ಅಲ್ಲೇ ಬೀಳುತ್ತದೆ, ಪ್ರತಿಯಾಗಿ ಕುರಿಯವರಿಗೆ ರಾಗಿ. ಗುಟ್ಟೆ ತೆರೆದಿರುವ ತನಕ ಮಂದೆಗಳು ಬೇಕಾದಾಗ ಇಳಿಯುತ್ತವೆ, ಬೇಡವಾದಾಗ ಇಲ್ಲ. ಮುಚ್ಚಿದರೆ ಇಳಿಯಲೇಬೇಕು. ಅದಕ್ಕೆ ನಂಜಪ್ಪ ಮತ್ತಿತರರು ರಾಗಿ ಹೆಚ್ಚು ಕೊಡುತ್ತೇವೆ, ಹೊಲದ ಸರದಿಯೂ ನಿಮಗೆ ಬಿಟ್ಟದ್ದು ಎಂದು ಹಟ್ಟಿಯ ಗಂಡಸರಿಗೆ ಮಾತು ಕೊಟ್ಟಿದ್ದರು.

“ಮಂದೆ ಇಳೀಬೇಕು ಅಂದ್ರೆ ಒಟ್ಗೇ ಇಳೀಬೇಕು ಮೇಡಂ. ಚಿಕ್ ಚಿಕ್ ಮಂದೆ ಯಾರ್ ಒಲಕ್ ಬೇಕು?”

“ಮತ್ತೆ ನಿಮ್ಮತ್ತಿಗೆ?”

“ಅವ್ಳೇನ್ ಪರಕೀಯಳಾ? ನಮ್ಮೋಳೇ ತಾನೆ. ಅವಳ್ ಕುರಿ ನಾನ್ ನುಂಗ್ಬಿಡ್ತೀನಾ?” ಅವನು ನಿಜವಾಗಿಯೂ ನೊಂದುಕೊಂಡ.

ಹಟ್ಟಿಯ ಹೆಂಗಸರಿಗೆ ಅವರದೇ ಕಾರಣವಿತ್ತು. ಅದು ಗಂಡಂದಿರ ಕಾರಣವೇ ಆಗಿರಲಿಲ್ಲ. ಒಬ್ಬಾಕೆ ಲೋಟ ತೊಳೆಯುತ್ತ ಹೇಳಿದಳು: “ಗುಟ್ಟೆ ಇದ್ರೆ ದಿನಾ ಕುರಿ ಇಂದೆ ಓಗೋಳು ನಾನು. ಇವ್ರು ಬಸ್‌ಸ್ಟಾಂಡಲ್ಲಿ ಕೂತಿರ್ತಾರೆ. ಮಂದೆ ಕೆಳಗ್ ಇಳಿದ್ರೆ ಇವ್ರೇ ಓಗ್ಬೇಕು. ನಾಕ್ ತಿಂಗ್ಳು ಮನೇಲಿ ನೆಮ್ಮದಿ.” ಸುತ್ತ ಇದ್ದವರೆಲ್ಲ ಕಿಸಕ್ಕನೆ ನಕ್ಕರು.

ಹೀಗಾಗಿ ಅಲ್ಲಿ ಯಾರೂ ಯಾರನ್ನೂ ವಂಚಿಸಿರಲಿಲ್ಲ. ಸಮಯ ಸರಿ, ಹಾಜರಿ ಪೂರ್ತಿ, ಹೆಂಗಸರ ಪಾಲು ಸಮ, ಮಾತಾಡಲು ಅವಕಾಶ ಎಲ್ಲರಿಗೂ. ಪಠ್ಯದಲ್ಲಿ ಇಟ್ಟು ಕಲಿಸಬಹುದಾದ ಸಭೆ. ಜನರನ್ನು ಕೇಳಿದೆವು, ಜನ ಹೇಳಿದರು. ಅವರು ಹೇಳಿದ್ದು ಗೊಬ್ಬರ, ರಾಗಿ ಮತ್ತು ನಾಲ್ಕು ತಿಂಗಳ ನೆಮ್ಮದಿ. ನಾವು ಬರೆದುಕೊಂಡದ್ದು ‘ಅರಣ್ಯ ಪುನಶ್ಚೇತನಕ್ಕೆ ಗ್ರಾಮದ ಸಮ್ಮತಿ’.

ಮುತ್ತಮ್ಮ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮಾರನೆಯ ವಾರ ಬಂದು, ಮುಚ್ಚುವುದಾದರೆ ಮುಚ್ಚಿ, ಅಂಚಿನಲ್ಲಿ ಒಂದು ದಾರಿ ಬಿಡಿ ಎಂದಳು. ಗುಟ್ಟೆಯ ಅಂಚಿನಲ್ಲೇ ಹಾದು ಆಚೆಗೆ ಹೋದರೆ ಅಲ್ಲೊಂದು ನೀರಿನ ಕುಂಟೆ, ಸುತ್ತ ಒಂದಷ್ಟು ಮೇವು. ತನ್ನ ಪುಟ್ಟ ಮಂದೆಗೆ ಅದು ಸಾಕು. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ರೇಂಜರನ್ನು ಕೇಳಿದೆ. ದಾರಿ ಬಿಡುವುದು ಸಮಿತಿಗೆ ಸೇರಿದ್ದು ಎಂದರು. ನಂಜಪ್ಪನವರನ್ನು ಕೇಳಿದೆ. “ನಮ್ದೇನೂ ತಕರಾರಿಲ್ಲ, ರೇಂಜರ್ ಸರಿ ಅಂದ್ರೆ ಸರಿ” ಎಂದರು. ಮತ್ತೆ ರೇಂಜರ್. ಅವರು ನನ್ನ ಮುಖ ನೋಡಿ, ಸರಿ ಬಿಡು, ಅಳೆಯುವಾಗ ದಾರಿ ಬಿಟ್ಟು ಅಳೆ ಎಂದರು.

ಇಲ್ಲಿ ಕೆಲಸದ ವಿಧಾನ ಬದಲಾದದ್ದರ ಬಗ್ಗೆ ಹೇಳಬೇಕು. ಹಿಂದೆ ಗಾರ್ಡು ಪೆನ್ಸಿಲಿನಲ್ಲಿ ಗಡಿ ಗೀಚುತ್ತಿದ್ದ. ಬೇಕಾದ ಕಡೆ ಗೆರೆ ಸ್ವಲ್ಪ ಒಳಗೆ ಸರಿಸಿದರೆ ದಾರಿ ತಾನೇ ಹುಟ್ಟುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ನಮ್ಮ ಕಾಲಕ್ಕೆ ಫೋನ್ ಬಂತು. ಫೋನ್ ಹಿಡಿದು ಜಾಗದ ಸುತ್ತ ನಡೆದು ಬಂದರೆ ಗಡಿ ತಾನೇ ಮೂಡುತ್ತದೆ, ಅಳತೆಯೂ ಬರುತ್ತದೆ. ಗಾರ್ಡೂ ನಾನೂ ನಡೆದೆವು, ಮುತ್ತಮ್ಮ ಜೊತೆಗೆ. “ನಿನ್ ಫೋನು ಇಲ್ಲಿ ಏನ್ ಮೇಯ್ತದೆ?” ಎಂದು ಉದ್ದಕ್ಕೂ ಗೇಲಿ. ದಾರಿಯನ್ನು ಹೊರಗಿಟ್ಟು ನಡೆದರೆ ಅಳತೆ ಕಡಿಮೆ ಬಿತ್ತು. ಕಡಿಮೆ ಬಿದ್ದದ್ದನ್ನು ದಾರಿಯ ಆಚೆ ಸೇರಿಸಿದರೆ ಅದು ಎರಡು ತುಂಡಾಯಿತು. ಮಂಜೂರಾದದ್ದು ಒಂದು ತುಂಡಿಗೆ. ಫೋನ್ ಎರಡನ್ನು ಒಪ್ಪಲಿಲ್ಲ. ಮೇಲಿನ ಕಚೇರಿಗೆ ಫೋನ್ ಮಾಡಿ ರೇಂಜರ್ ಒಂದು ಬಾರಿ ಕೇಳಿದರು, ಇನ್ನೊಂದು ಬಾರಿ ಕೇಳಿದರು. ಆಮೇಲೆ, “ಒಂದೇ ಬ್ಲಾಕ್ ಮಾ” ಎಂದರು.

ಕಂದಕ ಸುತ್ತಲೂ ಬಂತು. ಆ ವರ್ಷ ಮಂದೆಗಳು ಇಳಿದಾಗ ಮುತ್ತಮ್ಮನ ಕುರಿಗಳು ಬೀರಣ್ಣನ ಜೊತೆ ಇಳಿದವು. ಅವಳು ರಸ್ತೆಯ ತನಕ ಬಂದು ಗಟ್ಟಿ ದನಿಯಲ್ಲಿ ಹೇಳುತ್ತಲೇ ಇದ್ದಳು: ಈ ಕರಿಮೂತಿಯದು ತೊಟ್ಟಿಯ ನೀರು ಕುಡಿಯುವುದಿಲ್ಲ, ಹರಿಯುವ ನೀರಿಗೇ ಬಿಡಬೇಕು, ಆ ಕುಂಟಿಯನ್ನು ನಾಯಿಯ ಪಕ್ಕ ಮಲಗಿಸಬೇಡ. ಬೀರಣ್ಣ “ಆಮಾ ಅತ್ತಿಗೆ, ಆಮಾ” ಎಂದು ಪ್ರತಿಯೊಂದಕ್ಕೂ ತಮಿಳಿನಲ್ಲಿ ಹೌದೆನ್ನುತ್ತ ಹೋದ. ಮಂದೆ ತಿರುವಿನಲ್ಲಿ ಮರೆಯಾದ ಮೇಲೆ ಅವಳು ನನ್ನ ಕಡೆ ತಿರುಗಿ, “ಬಸ್ ತಪ್ಪೋಗ್ತದೆ, ಓಗು” ಎಂದಳು. ಮುಂದಿನ ವರ್ಷಗಳಲ್ಲಿ ನಾನು ಸಿಕ್ಕಾಗಲೆಲ್ಲ ಅವಳ ಮೊದಲ ಮಾತು ಒಂದೇ. “ನನ್ ಕುರಿ ಯಾವಾಗ ಬರ್ತವೆ?” ಗುಟ್ಟೆ ತೆರೆದಾಗ ಎಂದು ನಾನು, ಅದು ಯಾವಾಗ ಎಂದು ಅವಳು.

ನಡುವಿನ ವರ್ಷಗಳನ್ನು ಹೊಸಬರಿಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಸಸಿಗಳಲ್ಲಿ ಕೆಲವು ಬದುಕಿದವು. ಹುಲ್ಲು ಎದೆಮಟ್ಟ ಬೆಳೆಯಿತು, ಕೊಯ್ದು ತಲೆಹೊರೆಯಲ್ಲಿ ತರಲು ಸಮಿತಿ ಬಿಟ್ಟಿತು. ಭೇಟಿಗೆ ಬಂದ ಸಾಹೇಬರು ಹಸಿರು ನೋಡಿ ಮೆಚ್ಚಿದರು, ಫೋಟೋ ತೆಗೆಸಿಕೊಂಡರು. ನಮ್ಮ ರೇಂಜರ್ ವಯಸ್ಸಾಗಿ ಕೆಲಸದಿಂದ ಬಿಡುಗಡೆಯಾದರು. ಹೋಗುವ ದಿನ ಬಿಸ್ಕತ್ತಿನ ಪೊಟ್ಟಣ ನನ್ನ ಮೇಜಿನ ಮೇಲಿಟ್ಟು, “ವಾದಂ ಪಣ್ಣು ಮಾ, ಆನಾ ಸಾಪ್ಟುಟ್ಟು ಪಣ್ಣು” ಎಂದರು. ವಾದ ಮಾಡು, ಆದರೆ ತಿಂದುಕೊಂಡು ಮಾಡು. ಅವರ ಜಾಗಕ್ಕೆ ಬಂದವರು ನನಗಿಂತ ಸ್ವಲ್ಪವೇ ದೊಡ್ಡವರು, ಫೋನನ್ನು ನಂಬುವವರು.

ಸಮಿತಿಯ ಅವಧಿ ಮುಗಿದು ಹೊಸದಾಗಿ ಕಟ್ಟುವಾಗ ಹಟ್ಟಿಯಿಂದ ಒಬ್ಬ ಹೆಂಗಸು ಬೇಕಾಯಿತು. ಸಭೆಗೆ ಬಂದು ಕೂರಲು ಯಾರಿಗೂ ಪುರುಸೊತ್ತಿಲ್ಲ. ಕುರಿಯಿಲ್ಲದ್ದರಿಂದ ಪುರುಸೊತ್ತಿದ್ದವಳು ಮುತ್ತಮ್ಮ ಒಬ್ಬಳೇ, ಅವಳನ್ನೇ ಮಾಡಿದರು. ಬಾಯಿ ಮುಚ್ಚಿಸಲು ಕುರ್ಚಿ ಕೊಟ್ಟಿದ್ದಾರೆ ಎಂದು ನಾನು ಎಣಿಸಿದ್ದೆ. ಕುರ್ಚಿ ಸಿಕ್ಕ ಮೇಲೆ ಬಾಯಿ ಇನ್ನೂ ದೊಡ್ಡದಾಯಿತು. ಹುಲ್ಲು ಕೊಯ್ಯುವ ದಿನ ಯಾವುದು, ಮೊದಲ ಸರದಿ ಯಾರಿಗೆ, ಗಾರ್ಡು ಹೆಂಗಸರ ಕುಡುಗೋಲು ಏಕೆ ಕಿತ್ತುಕೊಂಡ ಎಂದು ಎಲ್ಲದಕ್ಕೂ ಜಗಳ. ನಂಜಪ್ಪನವರನ್ನು ಎಲ್ಲರೆದುರು, “ತಲೈವರೇ, ನಿಮ್ ಮನೆ ಒರೆ ಮಾತ್ರ ಯಾಕೆ ಅಷ್ಟ್ ದಪ್ಪ?” ಎಂದು ಕೇಳಿದ್ದನ್ನು ನಾನು ಕಂಡಿದ್ದೇನೆ. ಹಟ್ಟಿಯಲ್ಲಿ ಅವಳ ಹೆಸರೇ ‘ಮೆಂಬರ್ ಮುತ್ತಮ್ಮ’ ಎಂದಾಯಿತು.

ಯೋಜನೆಯ ಕೊನೆಗೆ ಬೂದಿಗುಟ್ಟೆ ಮುಚ್ಚಿದ ಅವಧಿ ಮುಗಿಯಿತು. ತೆರೆಯಬೇಕೋ, ಇನ್ನಷ್ಟು ಕಾಲ ಮುಚ್ಚಿಡಬೇಕೋ ಎಂಬ ತೀರ್ಮಾನವನ್ನು ಈ ಸಲ ಊರ ಸಭೆಯಲ್ಲಿ ಅಲ್ಲ, ಸಮಿತಿಯಲ್ಲಿ ಮಾಡಬೇಕಿತ್ತು. ಅಷ್ಟರಲ್ಲಿ ಪಕ್ಷಗಳು ಬದಲಾಗಿದ್ದವು. ಮಂದೆಗಳಿಗೆ ಹೋಗಲು ಬೇರೆ ಜಾಗವಿಲ್ಲ ಎಂದು ರೈತರಿಗೆ ಗೊತ್ತಾದ ಮೇಲೆ ರಾಗಿ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿತ್ತು, ಕೊನೆಗೆ ‘ಮೇವು ನಮ್ಮ ಹೊಲದ್ದೇ ಅಲ್ವಾ’ ಎಂದು ನಿಂತೇಹೋಗಿತ್ತು. ಈಗ ಗುಟ್ಟೆ ತೆರೆಯಲಿ ಎಂದು ಹಟ್ಟಿಯ ಗಂಡಸರು, ಮುಚ್ಚಿರಲಿ ಎಂದು ನಂಜಪ್ಪನ ಕಡೆಯವರು. ಸಮಿತಿಯಲ್ಲಿ ಎರಡು ಕಡೆಯೂ ಸಮ. ಉಳಿದದ್ದು ಮುತ್ತಮ್ಮನ ಕೈ.

ಸಭೆಯ ಹಿಂದಿನ ದಿನ ನಾನು ಅವಳ ಜಗಲಿಯಲ್ಲಿ ಕೂತಿದ್ದಾಗ ಬೀರಣ್ಣ ಬಂದ. ನಾನಿರುವುದನ್ನು ನೋಡಿಯೇ ಮಾತು ಶುರು ಮಾಡಿದ, ಸಾಕ್ಷಿಗೆ ಒಬ್ಬರಿರಲಿ ಎಂಬ ಹಾಗೆ.

“ಅತ್ತಿಗೆ, ಗುಟ್ಟೆ ಬಿಡ್ಸು. ನಿನ್ ಕುರಿ ಎಲ್ಲಾ ತಂದ್ ನಿನ್ ದೊಡ್ಡೀಗೆ ಬಿಡ್ತೀನಿ. ಮರೀನೂ ಸೇರ್ಸಿ.”

“ನನ್ ಕುರಿ ಯಾವ್ದು ಅಂತ ನಿಂಗ್ ಗೊತ್ತೈತಾ?”

“ನೀನ್ ತೋರ್ಸಿದ್ದೇ ನಿಂದು. ಸಾಲ್ದಾ?”

“ಕರಿಮೂತಿ?”

“ಅದು ಓದ್ ವರ್ಷನೇ ಓಯ್ತು ಅತ್ತಿಗೆ. ಅದರ್ ಮಗ್ಳೈತೆ. ಅದೂ ತೊಟ್ಟೀಲಿ ಕುಡಿಯಲ್ಲ.”

ಅವಳು ಎದ್ದು ಒಳಗೆ ಹೋಗಿ ಬಂದಳು. ಅವನಿಗೆ ಮಜ್ಜಿಗೆ ಕೊಟ್ಟಳು. ಅವನು ಕುಡಿದು ಹೋದ. ಗೆದ್ದಳು ಎಂದು ನಾನು ಅಂದುಕೊಂಡೆ. ಮಾತು ಕೊಟ್ಟವನು ಎಲ್ಲ ಕೊಡುವುದಿಲ್ಲ, ಅದು ನನಗೂ ಗೊತ್ತು. ಆದರೂ ಒಂದಷ್ಟು ಕುರಿ, ಮನೆಯ ಹಿಂದೆಯೇ ಗುಟ್ಟೆ, ಸಂಜೆಗೆ ಮನೆ. ಅವಳು ನನ್ನನ್ನು ಮೊದಲ ದಿನ ದಾರಿಯಲ್ಲಿ ನಿಲ್ಲಿಸಿ ಕೇಳಿದ್ದು ಅಷ್ಟನ್ನೇ.

ಮಾರನೆಯ ದಿನ ಸಮಿತಿ ಕೂತಿತು. ಮಾತು ಹೆಚ್ಚು ಇರಲಿಲ್ಲ. ಮುಚ್ಚಿಡಲಿ ಎನ್ನುವವರು ಎಂದು ಹೊಸ ರೇಂಜರ್ ಕೇಳಿದಾಗ ಮುತ್ತಮ್ಮ ಕೈ ಎತ್ತಿದಳು. ನಂಜಪ್ಪನವರೇ ಬೆಚ್ಚಿ ತಿರುಗಿ ನೋಡಿದರು. ಬೀರಣ್ಣ ಬಾಗಿಲ ಬಳಿ ನಿಂತಿದ್ದ, “ಅತ್ತಿಗೇ” ಎಂದ. ಅವಳು ಅತ್ತ ನೋಡಲಿಲ್ಲ. ಕಾರಣ ಬರೆಯಬೇಕು, ಹೇಳಿ ಎಂದು ರೇಂಜರ್ ಕೇಳಿದರು. “ಸಸಿ ಇನ್ನೂ ಎಳೇದೈತೆ” ಎಂದಳು. ಅವರು ಸಂತೋಷದಿಂದ ಬರೆದುಕೊಂಡರು.

ಇಲಾಖೆಯ ಕೊನೆಯ ವರದಿಯಲ್ಲಿ ಅದು ಹಟ್ಟಿಯ ಮಹಿಳೆಯೊಬ್ಬರ ಮುಂದಾಳತ್ವದಲ್ಲಿ ಕಾಡು ಉಳಿದ ಕತೆಯಾಗಿದೆ. ಬೈಯುವ ಗೆಳೆಯರಿಗೆ ಹೇಳಿದರೆ, ನೋಡು, ಕೊನೆಗೆ ಅವಳನ್ನೂ ಒಳಗೆ ಹಾಕಿಕೊಂಡರು ಎನ್ನುತ್ತಾರೆ. ಎರಡೂ ಪಕ್ಷಕ್ಕೂ ನಾನು ಒಳ್ಳೆಯ ವಾದ ಕಟ್ಟಿಕೊಡಬಲ್ಲೆ. ಮೈದುನನ ಮೇಲಿನ ಸೇಡು ಎಂದೂ ವಾದಿಸಬಲ್ಲೆ, ಮೊಣಕಾಲು ನೋವು ಎಂದೂ ವಾದಿಸಬಲ್ಲೆ, ಕುರ್ಚಿ ಬಿಡಲು ಮನಸ್ಸಿಲ್ಲ ಎಂದೂ, ಸಸಿ ಎಳೆಯದು ಎಂದೇ ಕೂಡ. ಕೊನೆಯದೊಂದು ಬಿಟ್ಟರೆ ಯಾವುದಕ್ಕೂ ಅವಳ ಬಾಯಿಂದ ಆಧಾರವಿಲ್ಲ.

ಅದು ನನ್ನ ಕೊನೆಯ ವಾರ. ಗುರುತಿನ ಚೀಟಿ ಒಪ್ಪಿಸುವ ಮೊದಲು ಮೇಲ್‌ಹಟ್ಟಿಗೆ ಹೋದೆ. ಮುತ್ತಮ್ಮ ಕಂದಕದ ಅಂಚಿನಲ್ಲಿ ಹುಲ್ಲಿನ ಹೊರೆ ಕಟ್ಟುತ್ತಿದ್ದಳು. ಹಗ್ಗದ ಒಂದು ತುದಿ ನನ್ನ ಕೈಗೆ ಕೊಟ್ಟು, ಎಳೆ ಎಂದಳು. ಎಳೆದೆ. ಅವಳು ಮೊಣಕಾಲು ಊರಿ ಗಂಟು ಬಿಗಿದಳು. ಕುರಿ ಯಾವಾಗ ಬರುತ್ತವೆ ಎಂದು ಈ ಸಲ ಅವಳು ಕೇಳಲಿಲ್ಲ. ಹೊರೆಯನ್ನು ತಲೆಗೆ ಎತ್ತಿಕೊಟ್ಟು, ಅವಳು ಇಳಿಯಲು ತಿರುಗಿದಾಗ ನಾನೇ ಕೇಳಿದೆ:

“ಅಕ್ಕಾ, ಬೀರಣ್ಣ ನನ್ನೆದುರಿಗೇ ಮಾತು ಕೊಟ್ಟಿದ್ದ. ನೀನು ಕೈ ಎತ್ತದೇ ಇದ್ದಿದ್ರೆ ಇವತ್ತು ನಿನ್ ಕುರಿ ನಿನ್ ದೊಡ್ಡೀಲಿ ಇರ್ತಿದ್ವು. ನಿಜ ಹೇಳು, ನಿಂಗೆ ಕುರಿ ಬೇಕಾ, ಬೇಡ್ವಾ?”